ಅರ್ಜಿಯ ಚೌಕದಲ್ಲಿ ಹಿಡಿಯದ ಕಾಯಿಲೆ

ಕೆನ್ ಲೋಚ್ ನಿರ್ದೇಶನದ ‘ಐ, ಡೇನಿಯಲ್ ಬ್ಲೇಕ್’ ಚಿತ್ರ ಆರಂಭವಾಗುವಾಗ ನಮಗೆ ಯಾರ ಮುಖವೂ ಕಾಣಿಸುವುದಿಲ್ಲ. ಕಪ್ಪು ಪರದೆಯ ಮೇಲೆ ಹೆಸರುಗಳು ಬಂದು ಹೋಗುತ್ತಿರುತ್ತವೆ, ಹಿಂದಿನಿಂದ ಎರಡು ಧ್ವನಿಗಳು ಕೇಳಿಸುತ್ತವೆ. ಒಬ್ಬಾಕೆ ಪ್ರಶ್ನೆ ಕೇಳುತ್ತಾಳೆ, ಒಬ್ಬಾತ ಉತ್ತರಿಸುತ್ತಾನೆ. ಯಾರ ಆಸರೆಯೂ ಇಲ್ಲದೆ ಐವತ್ತು ಮೀಟರಿಗಿಂತ ಹೆಚ್ಚು ನಡೆಯಬಲ್ಲಿರಾ? ಅಂಗಿಯ ಮೇಲುಜೇಬಿಗೆ ಏನಾದರೂ ಹಾಕುವಷ್ಟು ಕೈ ಎತ್ತಬಲ್ಲಿರಾ? ಟೊಪ್ಪಿ ಇಟ್ಟುಕೊಳ್ಳುವಷ್ಟು? ಟೆಲಿಫೋನಿನ ಗುಂಡಿ ಒತ್ತಬಲ್ಲಿರಾ? ಆತ ಮೊದಲು ಸಮಾಧಾನದಿಂದ, ಆಮೇಲೆ ಸಿಟ್ಟಿನಿಂದ ಹೇಳುವುದು ಒಂದೇ ಮಾತು. ನನ್ನ ಕೈಕಾಲು ಸರಿಯಾಗಿವೆ, ಕೆಟ್ಟಿರುವುದು ಹೃದಯ, ಅದರ ಬಗ್ಗೆ ಮಾತಾಡೋಣ. ಆದರೆ ಆಕೆಯ ಮುಂದಿರುವ ಫಾರಂನಲ್ಲಿ ಹೃದಯದ ಬಗ್ಗೆ ಪ್ರಶ್ನೆಯೇ ಇಲ್ಲ.

2016ರಲ್ಲಿ ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿಯನ್ನು ಪಡೆದ ಚಿತ್ರವಿದು. ಕತೆ ಪಾಲ್ ಲಾವರ್ಟಿಯವರದು. ಇಂಗ್ಲೆಂಡಿನ ನ್ಯೂಕ್ಯಾಸಲ್ ನಗರದ ಐವತ್ತೊಂಬತ್ತು ವರ್ಷದ ಬಡಗಿ ಡೇನಿಯಲ್ ಬ್ಲೇಕನಿಗೆ ಹೃದಯಾಘಾತವಾಗಿದೆ. ಕೆಲಸಕ್ಕೆ ಹೋಗಬೇಡ ಎಂದು ವೈದ್ಯರು ಹೇಳಿದ್ದಾರೆ. ದುಡಿಯಲಾಗದವರಿಗೆ ಅಲ್ಲಿನ ಸರಕಾರ ಕೊಡುವ ಭತ್ಯೆಗೆ ಆತ ಅರ್ಜಿ ಹಾಕುತ್ತಾನೆ. ಭತ್ಯೆ ಸಿಗಬೇಕಾದರೆ ಹದಿನೈದು ಅಂಕ ಬೇಕು, ಆತನಿಗೆ ಬಂದದ್ದು ಹನ್ನೆರಡು. ಅಲ್ಲಿಗೆ ಸರಕಾರದ ಲೆಕ್ಕದಲ್ಲಿ ಆತ ದುಡಿಯಲು ಯೋಗ್ಯ. ಇನ್ನು ಆತ ನಿರುದ್ಯೋಗಿಗಳ ಸಾಲಿನಲ್ಲಿ ನಿಂತು, ತಾನು ಮಾಡಲಾಗದ ಕೆಲಸವನ್ನು ವಾರಕ್ಕೆ ಮೂವತ್ತೈದು ಗಂಟೆ ಹುಡುಕಿದ್ದೇನೆಂದು ರುಜುವಾತು ಮಾಡಬೇಕು. ಕೆಲಸ ಸಿಕ್ಕರೆ ಅದನ್ನು ಒಪ್ಪಿಕೊಳ್ಳುವಂತಿಲ್ಲ, ವೈದ್ಯರು ಬೇಡವೆಂದಿದ್ದಾರೆ. ಹುಡುಕದಿದ್ದರೆ ಹಣ ಬರುವುದಿಲ್ಲ.

ಈ ಚಿತ್ರವನ್ನು ನೋಡಿದವರು ಸಾಮಾನ್ಯವಾಗಿ ಅದರ ಕರುಣೆಯನ್ನು ಮೆಚ್ಚುತ್ತಾರೆ. ನಾವೂ ಮೆಚ್ಚುತ್ತೇವೆ. ಆದರೆ ಇಲ್ಲಿ ನಾವು ಚಿತ್ರದ ಜೊತೆಗೆ ಅದರ ಹಿಂದಿರುವ ಇನ್ನೊಂದು ಬರವಣಿಗೆಯನ್ನೂ ಓದಬೇಕೆಂದಿದ್ದೇವೆ. ಅದು ಆ ಅರ್ಜಿ. ಕತೆ, ಕವಿತೆಗಳನ್ನು ಓದುವಷ್ಟೇ ಎಚ್ಚರದಿಂದ ಸರಕಾರಿ ಅರ್ಜಿಗಳನ್ನೂ ಓದಬೇಕು. ಯಾಕೆಂದರೆ ಮನುಷ್ಯನೆಂದರೆ ಏನು, ಕಾಯಿಲೆಯೆಂದರೆ ಏನು ಎಂಬುದರ ಬಗ್ಗೆ ಅದಕ್ಕೂ ಒಂದು ಕಲ್ಪನೆ ಇರುತ್ತದೆ. ಕಾದಂಬರಿಕಾರನ ಕಲ್ಪನೆಯನ್ನು ಒಪ್ಪದಿದ್ದರೆ ಪುಸ್ತಕ ಮುಚ್ಚಿಡಬಹುದು. ಅರ್ಜಿಯ ಕಲ್ಪನೆಯನ್ನು ಒಪ್ಪದಿದ್ದರೆ ತಿಂಗಳ ಅಕ್ಕಿ ನಿಲ್ಲುತ್ತದೆ.

ಬ್ರಿಟನ್ನಿನಲ್ಲಿ ಡೇನಿಯಲ್ ತುಂಬಿದ ಅರ್ಜಿಯಲ್ಲದೆ ಇನ್ನೊಂದು ಅರ್ಜಿಯಿದೆ. ದುಡಿಯಲಿ, ದುಡಿಯದಿರಲಿ, ಅಂಗವೈಕಲ್ಯ ಅಥವಾ ದೀರ್ಘಕಾಲದ ಕಾಯಿಲೆಯಿಂದಾಗಿ ಬದುಕು ದುಬಾರಿಯಾದವರಿಗೆ ಕೊಡುವ ನೆರವಿನ ಅರ್ಜಿ ಅದು. 2012ರ ಕಾನೂನಿನ ಪ್ರಕಾರ, 2013ರ ಏಪ್ರಿಲ್‌ನಿಂದ ಹಳೆಯ ಭತ್ಯೆಯ ಬದಲಿಗೆ ಇದು ಜಾರಿಗೆ ಬಂತು. ಹೆಸರು ‘ಪರ್ಸನಲ್ ಇಂಡಿಪೆಂಡೆನ್ಸ್ ಪೇಮೆಂಟ್’. ನಮ್ಮ ಮಾತಿನಲ್ಲಿ ಹೇಳುವುದಾದರೆ ಸ್ವಾವಲಂಬನೆಯ ಭತ್ಯೆ. ಇದರಲ್ಲಿ ಬದುಕನ್ನು ಹನ್ನೆರಡು ಚಟುವಟಿಕೆಗಳಾಗಿ ವಿಂಗಡಿಸಲಾಗಿದೆ. ಅಡುಗೆ, ಊಟ, ಸ್ನಾನ, ಶೌಚ, ಬಟ್ಟೆ ಧರಿಸುವುದು, ಮಾತು, ಓದು, ಜನರೊಂದಿಗೆ ಬೆರೆಯುವುದು, ಹಣದ ಲೆಕ್ಕ, ನಡಿಗೆ ಹೀಗೆ. ಪ್ರತಿಯೊಂದಕ್ಕೂ ಅಂಕಗಳಿವೆ. ಎಂಟು ಅಂಕ ಬಂದರೆ ಸಾಮಾನ್ಯ ದರ, ಹನ್ನೆರಡು ಬಂದರೆ ಹೆಚ್ಚಿನ ದರ. ಮಕ್ಕಳ ಪರೀಕ್ಷೆಗೆ ತದ್ವಿರುದ್ಧವಾದ ಪರೀಕ್ಷೆಯಿದು. ಇಲ್ಲಿ ಎಷ್ಟು ವಿಷಯಗಳಲ್ಲಿ ಸೋಲುತ್ತೀರೋ ಅಷ್ಟು ಅಂಕ.

ಸ್ನಾನದ ಪ್ರಶ್ನೆಯನ್ನೇ ತೆಗೆದುಕೊಳ್ಳೋಣ. ತಲೆ ತೊಳೆಯಲು ಅಥವಾ ಸೊಂಟದಿಂದ ಕೆಳಗಿನ ಮೈ ತೊಳೆಯಲು ಇನ್ನೊಬ್ಬರ ನೆರವು ಬೇಕಾದರೆ ಎರಡು ಅಂಕ. ಹೆಗಲಿನಿಂದ ಸೊಂಟದವರೆಗಿನ ಮೈ ತೊಳೆಯಲು ನೆರವು ಬೇಕಾದರೆ ನಾಲ್ಕು ಅಂಕ. ಮನೆಯಲ್ಲಿ ವರ್ಷಗಟ್ಟಲೆ ಹಾಸಿಗೆ ಹಿಡಿದ ತಾಯಿಗೋ ತಂದೆಗೋ ಸ್ನಾನ ಮಾಡಿಸಿದವರು ಇದನ್ನು ಓದಿ ಸುಮ್ಮನೆ ಕುಳಿತುಬಿಡುತ್ತಾರೆ. ಬಚ್ಚಲಲ್ಲಿ ಸಂಕೋಚವಾಗುವುದು ಯಾವುದಕ್ಕೆ, ಅಮ್ಮ ಮುಖ ತಿರುಗಿಸುವುದು ಯಾವಾಗ ಎಂಬುದು ಅವರಿಗೆ ಗೊತ್ತು. ಅರ್ಜಿಗೆ ಅದು ಬೇಕಿಲ್ಲ. ಅದಕ್ಕೆ ಬೇಕಾದದ್ದು ಮೈಯ ನಕ್ಷೆ, ನಕ್ಷೆಯ ಮೇಲೊಂದು ಗೆರೆ.

ಇದು ಬರಿಯ ವ್ಯಂಗ್ಯದ ವಿಷಯವೂ ಅಲ್ಲ. 2025ರ ಮಾರ್ಚ್‌ನಲ್ಲಿ ಬ್ರಿಟಿಷ್ ಸರಕಾರ ಒಂದು ಪ್ರಸ್ತಾಪ ತಂದಿತು. ದಿನನಿತ್ಯದ ವಿಭಾಗದಲ್ಲಿ ಒಟ್ಟು ಎಂಟು ಅಂಕ ಬಂದರೆ ಸಾಲದು, ಯಾವುದಾದರೊಂದು ಚಟುವಟಿಕೆಯಲ್ಲಿ ಕನಿಷ್ಠ ನಾಲ್ಕು ಅಂಕ ಬಂದಿರಲೇಬೇಕು ಎಂಬುದು ಅದರ ಸಾರ. ಹಾಗಾಗಿದ್ದರೆ ಅಡುಗೆಗೆ ಎರಡು, ಸ್ನಾನಕ್ಕೆ ಎರಡು, ಬಟ್ಟೆಗೆ ಎರಡು, ಶೌಚಕ್ಕೆ ಎರಡು ಎಂದು ಬದುಕಿನ ಎಲ್ಲ ಕಡೆಯಲ್ಲೂ ಸ್ವಲ್ಪ ಸ್ವಲ್ಪ ಸೋತವರು ಹೊರಗುಳಿಯುತ್ತಿದ್ದರು. ದೀರ್ಘಕಾಲದ ಕಾಯಿಲೆ ಮನುಷ್ಯನನ್ನು ಸೋಲಿಸುವುದು ಹೆಚ್ಚಾಗಿ ಹೀಗೆಯೇ, ಸ್ವಲ್ಪ ಸ್ವಲ್ಪವಾಗಿ. ಆಡಳಿತ ಪಕ್ಷದ ಸಂಸದರೇ ತಿರುಗಿ ಬಿದ್ದುದರಿಂದ ಆ ವರ್ಷದ ಜುಲೈಯಲ್ಲಿ ಸರಕಾರ ಆ ಅಂಶವನ್ನು ಕೈಬಿಟ್ಟು, ವಿಷಯವನ್ನು ಪರಿಶೀಲನೆಗೆ ಒಪ್ಪಿಸಿತು. ಸೊಂಟದ ಗೆರೆಯ ಮೇಲೆ ಎಷ್ಟು ಮನೆಗಳ ಖರ್ಚು ನಿಂತಿತ್ತೆಂಬುದು ಆ ಕೆಲವು ತಿಂಗಳಲ್ಲಿ ಎಲ್ಲರಿಗೂ ತಿಳಿಯಿತು.

ನ್ಯಾಯವಾಗಿ ಹೇಳಬೇಕೆಂದರೆ, ಈ ಅರ್ಜಿಯ ಹಿಂದಿನ ನಿಯಮಗಳಲ್ಲಿ ಒಳ್ಳೆಯ ಮಾತುಗಳೂ ಇವೆ. ಒಂದು ಕೆಲಸವನ್ನು ಮಾಡಬಲ್ಲೆ ಎನ್ನಬೇಕಾದರೆ ಅದನ್ನು ಅಪಾಯವಿಲ್ಲದೆ, ಒಪ್ಪುವಂತೆ, ಬೇಕಾದಷ್ಟು ಸಲ, ಹೆಚ್ಚು ಹೊತ್ತು ಹಿಡಿಯದೆ ಮಾಡಲು ಸಾಧ್ಯವಾಗಬೇಕು ಎಂದು ನಿಯಮ ಹೇಳುತ್ತದೆ. ಆರೋಗ್ಯವಂತನಿಗೆ ತಗಲುವ ಸಮಯದ ಎರಡು ಪಟ್ಟಿಗಿಂತ ಹೆಚ್ಚು ತಗಲಿದರೆ ಅದು ಮಾಡಿದಂತಲ್ಲ. ಇದನ್ನು ಬರೆದವರಿಗೆ ಕಾಯಿಲೆಯ ಬಗ್ಗೆ ಏನೋ ತಿಳಿದಿತ್ತು. ಮೆಟ್ಟಿಲು ಹತ್ತುವುದಕ್ಕೂ, ಹತ್ತಿ ಆಮೇಲೆ ಎರಡು ಗಂಟೆ ಮಲಗುವುದಕ್ಕೂ ವ್ಯತ್ಯಾಸವಿದೆ ಎಂಬುದು ಅವರಿಗೆ ಗೊತ್ತಿತ್ತು. ಆದರೆ ಅದೇ ನಿಯಮಾವಳಿ ಇನ್ನೊಂದು ಕಡೆ, ಒಂದು ತೊಂದರೆ ವರ್ಷದ ಅರ್ಧಕ್ಕಿಂತ ಹೆಚ್ಚು ದಿನಗಳಲ್ಲಿ ಇದ್ದರೆ ಮಾತ್ರ ಲೆಕ್ಕಕ್ಕೆ ಬರುತ್ತದೆ ಎನ್ನುತ್ತದೆ. ವಾರದಲ್ಲಿ ನಾಲ್ಕು ದಿನ ಏಳಲಾಗದವನು ರೋಗಿ. ಮೂರು ದಿನ ಏಳಲಾಗದವನು ಆ ಚಟುವಟಿಕೆಯ ಮಟ್ಟಿಗೆ ಆರೋಗ್ಯವಂತ. ಮುಂದಿನ ವಾರ ಯಾವ ಮೂರು ದಿನ ಎಂಬುದು ಗೊತ್ತಿಲ್ಲದೆ, ಯಾವ ಕೆಲಸವನ್ನೂ ಒಪ್ಪಿಕೊಳ್ಳಲಾಗದೆ, ಯಾರ ಮದುವೆಗೂ ಬರುತ್ತೇನೆಂದು ಹೇಳಲಾಗದೆ ಅವನು ಬದುಕುವುದು ಯಾವ ಚೌಕದಲ್ಲೂ ಬರೆಯಲಾಗದ ಸಂಗತಿ. ದೀರ್ಘಕಾಲದ ಕಾಯಿಲೆಯ ತಿರುಳೇ ಅನಿಶ್ಚಿತತೆ. ಅರ್ಜಿ ಕೇಳುವುದು ನಿಶ್ಚಿತ ಉತ್ತರ.

ಚಿತ್ರಕ್ಕೆ ಮರಳೋಣ. ಅದರ ಮೇಲೆ ಬಂದ ಪ್ರಸಿದ್ಧ ಟೀಕೆ ಇಯಾನ್ ಡಂಕನ್ ಸ್ಮಿತ್ ಅವರದು. ಈ ಭತ್ಯೆಗಳ ಇಲಾಖೆಗೆ 2010ರಿಂದ ಮಂತ್ರಿಯಾಗಿದ್ದವರು ಅವರು. ಆಗಬಹುದಾದ ಕೆಟ್ಟದ್ದನ್ನೆಲ್ಲ ಚಿತ್ರ ಒಂದೇ ಕಡೆ ರಾಶಿ ಹಾಕಿದೆ, ಕಚೇರಿಯ ಸಿಬ್ಬಂದಿಗೆ ಅನ್ಯಾಯ ಮಾಡಿದೆ ಎಂಬುದು ಅವರ ಆಕ್ಷೇಪದ ಅರ್ಥ. ಇದೇ ಡಂಕನ್ ಸ್ಮಿತ್ 2016ರ ಮಾರ್ಚ್‌ನಲ್ಲಿ ಅಂಗವೈಕಲ್ಯ ಭತ್ಯೆಗೆ ಬಜೆಟ್ಟಿನಲ್ಲಿ ಕತ್ತರಿ ಹಾಕಿದ್ದನ್ನು ವಿರೋಧಿಸಿ ರಾಜೀನಾಮೆ ಕೊಟ್ಟಿದ್ದರು. ಅವರ ಆಕ್ಷೇಪವನ್ನು ನಾವು ಒಪ್ಪುವುದಿಲ್ಲ. ಚಿತ್ರದಲ್ಲಿ ಡೇನಿಯಲನ ಪಕ್ಕದಲ್ಲಿ ನಿಂತು ಕಂಪ್ಯೂಟರ್ ಅರ್ಜಿ ತುಂಬಲು ನೆರವಾಗುವ ಒಬ್ಬ ಮಹಿಳಾ ಸಿಬ್ಬಂದಿಯೂ ಇದ್ದಾಳೆ. ನೆರವಾದದ್ದಕ್ಕೆ ಮೇಲಧಿಕಾರಿಯಿಂದ ಬೈಸಿಕೊಳ್ಳುತ್ತಾಳೆ. ಸಿಬ್ಬಂದಿ ಕೆಟ್ಟವರೆಂದು ಚಿತ್ರ ಹೇಳಿಲ್ಲ. ಒಳ್ಳೆಯವರಿಗೆ ಅಲ್ಲಿ ಜಾಗ ಕಡಿಮೆ ಎಂದಿದೆ.

ನಮ್ಮ ಆಕ್ಷೇಪ ಬೇರೆಯದು. ಡೇನಿಯಲ್ ಬ್ಲೇಕ್ ಅತಿಯಾಗಿ ಒಳ್ಳೆಯವನು. ಜೀವಮಾನವಿಡೀ ದುಡಿದವನು, ಕಾಯಿಲೆಯ ಹೆಂಡತಿಯನ್ನು ಕೊನೆಯವರೆಗೆ ನೋಡಿಕೊಂಡವನು, ಲಂಡನ್ನಿನಿಂದ ಬಂದ ಗಂಡಾಸರೆಯಿಲ್ಲದ ಕೇಟಿಯ ಮನೆಯನ್ನು ದುಡ್ಡು ತೆಗೆದುಕೊಳ್ಳದೆ ರಿಪೇರಿ ಮಾಡಿಕೊಡುವವನು, ಅವಳ ಮಕ್ಕಳಿಗೆ ಮರದಲ್ಲಿ ಮೀನು ಕೆತ್ತಿ ಕೊಡುವವನು. ಅವನ ಕಾಯಿಲೆಯೂ ಅಷ್ಟೇ ಚೊಕ್ಕಟವಾದದ್ದು. ಹೃದಯಾಘಾತವಾಗಿದೆ, ದಾಖಲೆಯಿದೆ, ವೈದ್ಯರಲ್ಲಿ ಭಿನ್ನಾಭಿಪ್ರಾಯವಿಲ್ಲ. ಆದ್ದರಿಂದ ಚಿತ್ರಮಂದಿರದಲ್ಲಿ ಕುಳಿತ ನಮಗೆ ಒಂದು ಕ್ಷಣವೂ ಅನುಮಾನ ಬರುವುದಿಲ್ಲ. ಅರ್ಜಿ ಕೇಳುವುದು ‘ನಿಜವಾಗಿಯೂ ನಿನಗೆ ಕಾಯಿಲೆಯೇ?’ ಎಂದು. ಚಿತ್ರ ಕೊಡುವ ಉತ್ತರ ‘ಹೌದು, ನಿಜವಾಗಿಯೂ. ಜೊತೆಗೆ ಎಷ್ಟು ಒಳ್ಳೆಯವನು ನೋಡಿ’ ಎಂದು. ಉತ್ತರ ಸರಿಯಾದದ್ದೇ. ಆದರೆ ಪ್ರಶ್ನೆಯನ್ನು ಚಿತ್ರವೂ ಒಪ್ಪಿಕೊಂಡಂತಾಯಿತು.

ನಿಜವಾದ ಇಕ್ಕಟ್ಟು ಇರುವುದು ಅನುಮಾನ ಹುಟ್ಟಿಸುವ ಕಾಯಿಲೆಗಳಲ್ಲಿ. ಸುಸ್ತೇ ಕಾಯಿಲೆಯಾಗಿರುವವರು, ಮೈಯೆಲ್ಲ ನೋವು, ಆದರೆ ಪರೀಕ್ಷೆಯ ಚೀಟಿಯಲ್ಲಿ ಏನೂ ಬಾರದವರು, ನರಗಳ ಕಾಯಿಲೆಯಿಂದ ಇವತ್ತು ನಡೆದು ನಾಳೆ ಬೀಳುವವರು, ಮನೋವ್ಯಾಧಿಯವರು. ಇವರಲ್ಲಿ ಸಿಡುಕರು ಇರುತ್ತಾರೆ, ಸೋಮಾರಿಗಳೂ ಇರುತ್ತಾರೆ, ಮಕ್ಕಳ ಮರದ ಮೀನು ಕೆತ್ತದವರು ಇರುತ್ತಾರೆ. ಅವರಿಗೂ ಹಸಿವಾಗುತ್ತದೆ. 2017ರ ಮಾರ್ಚ್‌ನಲ್ಲಿ ಬ್ರಿಟಿಷ್ ಸರಕಾರ, ಹೊರಗೆ ಹೋಗಲಾಗದ ಕಷ್ಟ ಮಾನಸಿಕ ಸಂಕಟದಿಂದ ಬಂದದ್ದಾದರೆ ಅದಕ್ಕೆ ಹೆಚ್ಚಿನ ಅಂಕಗಳು ಸಿಗದಂತೆ ನಿಯಮಕ್ಕೆ ಕೆಲವು ಪದಗಳನ್ನು ಸೇರಿಸಿತು. ಅದು ತಾರತಮ್ಯವೆಂದು ಅದೇ ಡಿಸೆಂಬರ್‌ನಲ್ಲಿ ಹೈಕೋರ್ಟ್ ತೀರ್ಪು ಕೊಟ್ಟಿತು. ಮುಂದಿನ ತಿಂಗಳು ಸರಕಾರ ಮೇಲ್ಮನವಿ ಹೋಗುವುದಿಲ್ಲವೆಂದು ಹೇಳಿ, ಸುಮಾರು ಹದಿನಾರು ಲಕ್ಷ ಅರ್ಜಿಗಳನ್ನು ಮತ್ತೆ ಪರಿಶೀಲಿಸಬೇಕಾಯಿತು. ಅನುಮಾನ ಯಾರ ಮೇಲೆ ಬೀಳುತ್ತದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಕಣ್ಣಿಗೆ ಕಾಣದ ಕಾಯಿಲೆಯವರ ಮೇಲೆ. ಅಂಥ ಒಬ್ಬರನ್ನು, ನಮಗೂ ಸ್ವಲ್ಪ ಅನುಮಾನ ಬರುವಂಥ ಒಬ್ಬರನ್ನು, ನಡುವೆ ನಿಲ್ಲಿಸಿದ್ದರೆ ಲೋಚ್ ಅವರ ಚಿತ್ರ ನಮ್ಮನ್ನೂ ಆ ಮೇಜಿನ ಆಚೆ ಬದಿಯಲ್ಲಿ ಕೂರಿಸುತ್ತಿತ್ತು.

ಇನ್ನೊಂದು ಸಂಗತಿಯನ್ನು ಚಿತ್ರ ಮುಟ್ಟುತ್ತದೆ, ಆದರೆ ಹೆಸರಿಟ್ಟು ಹೇಳುವುದಿಲ್ಲ. ಡೇನಿಯಲ್ ಅರ್ಜಿಯಲ್ಲಿ ಸೋಲುವುದಕ್ಕೆ ಅವನ ಸ್ವಾಭಿಮಾನವೂ ಕಾರಣ. ಕೈಕಾಲು ಸರಿಯಾಗಿವೆ ಎಂದು ಅವನು ಹೇಳುವುದರಲ್ಲಿ ಹೆಮ್ಮೆಯಿದೆ. ಅರ್ಜಿಯಲ್ಲಿ ಅಂಕ ಬರುವುದು ಕೆಟ್ಟ ದಿನವನ್ನು ಬರೆದರೆ, ಮರೆಸಿಟ್ಟದ್ದನ್ನು ಬಿಡಿಸಿ ಹೇಳಿದರೆ. ನಾವು ಬೆಳೆದದ್ದು ಇದಕ್ಕೆ ವಿರುದ್ಧವಾಗಿ. ‘ಹೇಗಿದ್ದೀರಿ?’ ಎಂದರೆ ಮೂವತ್ತು ವರ್ಷದಿಂದ ಸಂಧಿವಾತದಲ್ಲಿ ನರಳುವ ಅಜ್ಜಿ ಕೂಡ ‘ಪರವಾಗಿಲ್ಲ ಮಗಾ’ ಎನ್ನುತ್ತಾಳೆ. ಮುಸ್ಲಿಮರ ಮನೆಯಲ್ಲಾದರೆ ‘ಅಲ್‌ಹಮ್ದುಲಿಲ್ಲಾಹ್’ ಎಂಬ ಒಂದು ಮಾತಿನಲ್ಲಿ ಎಲ್ಲವೂ ಮುಗಿಯುತ್ತದೆ. ಅದು ಸುಳ್ಳಲ್ಲ, ಕೃತಜ್ಞತೆ. ಆದರೆ ಮೇಜಿನ ಆಚೆ ಕುಳಿತವರು ಅದನ್ನು ‘ತೊಂದರೆಯಿಲ್ಲ’ ಎಂದು ಬರೆದುಕೊಳ್ಳಬಹುದು. ಸಹನೆಯೆಂದರೆ ಬಾಯಿ ಮುಚ್ಚಿಕೊಳ್ಳುವುದು ಎಂದು ತಿಳಿದವರು ನಮ್ಮಲ್ಲಿ ಬಹಳ. ಸಹನೆಗೆ ಮಾದರಿಯೆಂದು ನಾವು ಹೇಳುವ ಪ್ರವಾದಿ ಅಯ್ಯೂಬರು ಕೂಡ ತಮಗೆ ಕಷ್ಟ ತಟ್ಟಿದೆಯೆಂದು ದೇವರಲ್ಲಿ ಮೊರೆಯಿಟ್ಟರು. ನೋವನ್ನು ಹೇಳುವುದಕ್ಕೂ ಸಹನೆಗೂ ವಿರೋಧವಿಲ್ಲ. ವಿರೋಧವಿರುವುದು ಕೇಳುವವರು ನಂಬದೆ ಕೇಳುವಾಗ. ನಂಬುವವರ ಮುಂದೆ ಹೇಳಿಕೊಂಡರೆ ಮನಸ್ಸು ಹಗುರಾಗುತ್ತದೆ, ನಂಬದವರ ಮುಂದೆ ಹೇಳಿದರೆ ಅದೇ ಮಾತು ಬೇಡಿದಂತಾಗುತ್ತದೆ.

ನಮ್ಮ ದೇಶದ ಅರ್ಜಿ ಹೇಗಿದೆ? ಇಲ್ಲಿ ತಪ್ಪು ಬೇರೆ ದಿಕ್ಕಿನದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 1995ರ ಕಾಯ್ದೆಯ ಏಳು ಬಗೆಗಳನ್ನು ಇಪ್ಪತ್ತೊಂದಕ್ಕೆ ಏರಿಸಿತು. ಪಾರ್ಕಿನ್ಸನ್ಸ್, ಮಲ್ಟಿಪಲ್ ಸ್ಕ್ಲೆರೋಸಿಸ್, ಥಲಸ್ಸೀಮಿಯಾ, ಹಿಮೋಫೀಲಿಯಾ, ಸಿಕಲ್ ಸೆಲ್ ಮುಂತಾದ ಕಾಯಿಲೆಗಳು ಪಟ್ಟಿಗೆ ಬಂದವು. ಇದು ದೊಡ್ಡ ಹೆಜ್ಜೆ. ಆದರೆ ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಹೋಗುವ ಕಿಡ್ನಿ ರೋಗಿಯ ಕಾಯಿಲೆ ಆ ಪಟ್ಟಿಯಲ್ಲಿಲ್ಲ. ಡೇನಿಯಲ್ ಬ್ಲೇಕನ ಹೃದಯವೂ ಇಲ್ಲ. ಪಟ್ಟಿಯಲ್ಲಿದ್ದವರಿಗೂ ಎಲ್ಲವೂ ಶೇಕಡಾವಾರು. ಹೆಚ್ಚಿನ ಸೌಲಭ್ಯಗಳಿಗೆ ಶೇ. 40 ಬೇಕು, ಕೇಂದ್ರ ಸರಕಾರದ ಅಂಗವಿಕಲ ಪಿಂಚಣಿಗೆ ಬಡತನ ರೇಖೆಗಿಂತ ಕೆಳಗಿರುವುದರ ಜೊತೆಗೆ ಶೇ. 80 ಬೇಕು. 2012ರಿಂದ ಆ ಪಿಂಚಣಿಯಲ್ಲಿ ಕೇಂದ್ರದ ಪಾಲು ತಿಂಗಳಿಗೆ 300 ರೂಪಾಯಿ. ಬ್ರಿಟನ್ನಿನ ಅರ್ಜಿ ರೋಗಿಯನ್ನು ಮೈಯೆಲ್ಲ ಬಿಚ್ಚಿ ಹೇಳೆಂದು ಪೀಡಿಸುತ್ತದೆ. ನಮ್ಮದು ಅವನನ್ನು ಹೆಚ್ಚು ಕೇಳುವುದೇ ಇಲ್ಲ, ಅಳೆದು ಒಂದು ಅಂಕಿ ಬರೆದು ಕಳಿಸುತ್ತದೆ. ಕಾಕತಾಳೀಯವೋ ಏನೋ, ನಮ್ಮ ಅಂಗವಿಕಲರ ಗುರುತಿನ ಚೀಟಿಯ ಜಾಲತಾಣದ ಹೆಸರಿನಲ್ಲೂ ‘ಸ್ವಾವಲಂಬನೆ’ ಎಂಬ ಪದವಿದೆ. ಎರಡು ಸರಕಾರಗಳೂ ಸ್ವಾವಲಂಬನೆಯ ಹೆಸರಿನಲ್ಲಿ ಅಳೆಯುವುದು ಮನುಷ್ಯ ಎಷ್ಟು ಪರಾವಲಂಬಿ ಎಂಬುದನ್ನು.

ಹಾಗಾದರೆ ಅರ್ಜಿಯೇ ಬೇಡವೇ? ಬೇಡವೆಂದು ಹೇಳುವುದು ಸುಲಭ, ಆದರೆ ಅದು ಪ್ರಾಮಾಣಿಕವಲ್ಲ. ಅರ್ಜಿಯಿಲ್ಲದ ಕಡೆ ನೆರವು ಸಿಗುವುದು ಶಿಫಾರಸು ಇದ್ದವರಿಗೆ, ಪುಢಾರಿಗಳ ಪರಿಚಯವಿದ್ದವರಿಗೆ. ಅರ್ಜಿ ಹಕ್ಕಿನ ಕಾಗದ, ಭಿಕ್ಷೆಯ ಕಾಗದವಲ್ಲ. ಪ್ರಶ್ನೆ ಇರುವುದು ಹೇಗೆ ಕೇಳಬೇಕು ಎಂಬುದರಲ್ಲಿ. 2022ರಲ್ಲಿ ಸ್ಕಾಟ್ಲೆಂಡ್ ತನ್ನದೇ ಭತ್ಯೆಯನ್ನು ಆರಂಭಿಸಿತು. ಅಂಕಗಳ ಪಟ್ಟಿಯನ್ನು ಬಹುಮಟ್ಟಿಗೆ ಹಾಗೆಯೇ ಉಳಿಸಿಕೊಂಡರೂ ಖಾಸಗಿ ಕಂಪೆನಿಗಳಿಂದ ರೋಗಿಗಳನ್ನು ಪರೀಕ್ಷಿಸುವುದನ್ನು ಕೈಬಿಟ್ಟಿತು. ಅಂದರೆ ಕೇಳುವ ರೀತಿ ಬದಲಿಸುವುದು ಅಸಾಧ್ಯವಲ್ಲ. ಬ್ರಿಟನ್ನಿನಲ್ಲಿ ನ್ಯಾಯಮಂಡಳಿಯವರೆಗೆ ಹೋದ ಪ್ರಕರಣಗಳಲ್ಲಿ ವರ್ಷಗಳಿಂದ ಅರ್ಧಕ್ಕಿಂತ ಹೆಚ್ಚಿನವು ಅರ್ಜಿದಾರರ ಪರವಾಗಿ ಇತ್ಯರ್ಥವಾಗಿವೆ. ಕಾಗದದ ಮೇಲೆ ಸೋತವರು, ಎದುರು ಕುಳಿತು ಮಾತಾಡಲು ಅವಕಾಶ ಸಿಕ್ಕಾಗ ಗೆಲ್ಲುತ್ತಾರೆ. ಇದು ಅರ್ಜಿಯ ಬಗ್ಗೆ ನಾವು ಬರೆಯಬಹುದಾದ ಯಾವ ವಿಮರ್ಶೆಗಿಂತಲೂ ದೊಡ್ಡ ವಿಮರ್ಶೆ.

ಡೇನಿಯಲ್ ನ್ಯಾಯಮಂಡಳಿಯವರೆಗೆ ಹೋಗುತ್ತಾನೆ, ಮಾತಾಡುವ ಅವಕಾಶ ಮಾತ್ರ ಅವನಿಗೆ ಸಿಗುವುದಿಲ್ಲ. ವಿಚಾರಣೆಗೆ ಮೊದಲು ಮುಖ ತೊಳೆಯಲು ಹೋದವನು ಅಲ್ಲಿಯೇ ಕುಸಿದು ಸಾಯುತ್ತಾನೆ. ಅಂದು ಹೇಳಬೇಕೆಂದು ಅವನು ಪೆನ್ಸಿಲಿನಲ್ಲಿ ಬರೆದಿಟ್ಟುಕೊಂಡ ಒಂದು ಕಾಗದವನ್ನು ಅಂತ್ಯಕ್ರಿಯೆಯ ದಿನ ಕೇಟಿ ಓದುತ್ತಾಳೆ. ಇಡೀ ಚಿತ್ರದಲ್ಲಿ ಅವನು ಎಷ್ಟೋ ಫಾರಂಗಳನ್ನು ತುಂಬುತ್ತಾನೆ. ಚೌಕಗಳಿಲ್ಲದೆ, ಅಂಕಗಳಿಲ್ಲದೆ, ತಾನು ಯಾರೆಂದು ತನ್ನ ಮಾತಿನಲ್ಲೇ ಬಿಡಿಸಿ ಹೇಳುವ ಕಾಗದ ಇದು. ಅದನ್ನು ಓದಿಸಿಕೊಳ್ಳಲು ಅವನು ಸಾಯಬೇಕಾಯಿತು.

ನಮ್ಮ ಊರುಗಳಲ್ಲಿ ಅರ್ಜಿ ತುಂಬುವವರು ಹೆಚ್ಚಾಗಿ ರೋಗಿಗಳಲ್ಲ. ಸೈಬರ್ ಅಂಗಡಿಯ ಹುಡುಗ, ಮದ್ರಸದ ಉಸ್ತಾದರು, ಅಂಗನವಾಡಿ ಟೀಚರ್, ಪಂಚಾಯತ್ ಸದಸ್ಯರ ಜೊತೆಗಿರುವ ಯಾರೋ ಒಬ್ಬ, ಕೆಲವೊಮ್ಮೆ ಈ ಪತ್ರಿಕೆಯನ್ನು ಓದುವ ನೀವು. ಮುಂದಿನ ಸಲ ಯಾರಾದರೂ ಕಾಗದ ಹಿಡಿದುಕೊಂಡು ಬಂದಾಗ ಮೊದಲ ಚೌಕಕ್ಕೆ ಪೆನ್ನು ಇಡುವ ಮುಂಚೆ ಅವರನ್ನು ಕೂರಿಸಿ, ನಿನ್ನೆಯ ದಿನ ಬೆಳಗ್ಗಿನಿಂದ ರಾತ್ರಿಯವರೆಗೆ ಹೇಗೆ ಕಳೆಯಿತು ಎಂದು ಕೇಳಿ. ಮೊದಲು ‘ಪರವಾಗಿಲ್ಲ’ ಎನ್ನುತ್ತಾರೆ. ಸ್ವಲ್ಪ ಹೊತ್ತು ಕಾಯಬೇಕಾಗುತ್ತದೆ.